ಕಂಪ್ಯೂಟರಿಗೆ ಹಾಕಿದ ಹೊಲದ ಫೋಟೊ ಎಲ್ಲಿ ಹೋಯ್ತು?

ಹೊಲದ ಫೋಟೊ ತೆಗೆಯೋದು ಈಗ ಎಲ್ಲರಿಗೂ ಗೊತ್ತು. ಕೈಯಲ್ಲೇ ಮೊಬೈಲ್ ಇದೆ. ಆದರೆ ತೆಗೆದ ಫೋಟೊ ಎರಡು ವರ್ಷ ಬಿಟ್ಟು ಬೇಕು ಅಂದಾಗ ಸಿಕ್ಕೋದು ಕಷ್ಟ. ಮೊಬೈಲ್ ತುಂಬಿತು ಅಂತ ಮಗನೋ ಮಗಳೋ ಕಂಪ್ಯೂಟರಿಗೆ ಹಾಕಿಕೊಟ್ಟಿರುತ್ತಾರೆ. ಆಮೇಲೆ ತೆರೆದು ನೋಡಿದರೆ ಯಾವುದೋ ಹೆಸರಿನ ಫೋಲ್ಡರ್, ಯಾವುದೋ ತಾರೀಖು. ಕೆಲವು ಸಲ ಬರೀ ಖಾಲಿ ಚೌಕ. ಹೀಗೆ ಯಾಕಾಗುತ್ತದೆ, ಹೇಗೆ ಸರಿಮಾಡಬೇಕು ಅನ್ನುವುದನ್ನು ತಿಳಿದ ಮಟ್ಟಿಗೆ ಬರೆದಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ನನಗೆ ಅರ್ಥವಾದದ್ದು ನಿಮಗೂ ಅರ್ಥವಾದೀತು.

ಫೋಟೊ ಯಾಕೆ ಬೇಕು?

ನಮ್ಮದು ಚಿನಕುರಳಿ ಕಡೆಯ ಮಳೆ ನಂಬಿದ ಹೊಲ. ರಾಗಿ, ಹುರುಳಿ, ಒಂದಿಷ್ಟು ಮುಸುಕಿನ ಜೋಳ. ಯಾವ ವರ್ಷ ಯಾವ ಮಳೆಗೆ ಬಿತ್ತಿದೆವು, ಯಾವ ರಾಗಿ ಬೆಂಕಿ ರೋಗ ತಡೀತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ತಾರೀಖಿರುವ ಫೋಟೊ ಇದ್ದರೆ ವಾದ ಇಲ್ಲ. 2018ರಲ್ಲಿ ಮುಸುಕಿನ ಜೋಳಕ್ಕೆ ಹೊಸ ಸೈನಿಕ ಹುಳು ಬಂತಲ್ಲ, ದೇಶದಲ್ಲೇ ಅದು ಮೊದಲು ಕಂಡದ್ದು ಕರ್ನಾಟಕದಲ್ಲಿ. ಆ ವರ್ಷದ ಫೋಟೊ ಉಳಿಸಿಕೊಂಡವರಿಗೆ ಹುಳು ತಮ್ಮ ಹೊಲಕ್ಕೆ ಯಾವ ವಾರ ಇಳಿಯಿತು ಅಂತ ಈಗಲೂ ಗೊತ್ತು.

ಫಸಲ್ ಬಿಮಾದಲ್ಲಿ ಆಲಿಕಲ್ಲಿನಂಥ ಸ್ಥಳೀಯ ವಿಕೋಪದಿಂದ ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು. ಆಗ ಸರಿಯಾದ ತಾರೀಖಿನ ಫೋಟೊ ಕೈಯಲ್ಲಿದ್ದರೆ ನಮ್ಮ ಮಾತಿಗೆ ಬಲ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆ ಆಪ್‌ನಲ್ಲಿ ರೈತರೇ ಫೋಟೊ ತೆಗೆದು ಕಳಿಸುವ ಏರ್ಪಾಡು ಬಂತು. ಅದು ಸರ್ಕಾರದ ಲೆಕ್ಕ. ನಮ್ಮ ಲೆಕ್ಕ ನಾವು ಇಟ್ಟುಕೊಳ್ಳಬೇಕು.

ಹಗೇವು ಬೇರೆ, ಲೆಕ್ಕದ ಪುಸ್ತಕ ಬೇರೆ

ಫೋಟೊ ಜೋಡಿಸಿಡುವ ತಂತ್ರಾಂಶಗಳು ಹಲವು. ಹಿಂದೆ ಬಹಳ ಜನ ಬಳಸುತ್ತಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಈಗ ನಾವು ಬಳಸುವುದು ಡಿಜಿಕ್ಯಾಮ್. ದುಡ್ಡು ಕೊಡಬೇಕಾಗಿಲ್ಲ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ.

ಇಲ್ಲಿ ಒಂದು ಮಾತು ತಿಳಿದರೆ ಅರ್ಧ ತೊಂದರೆ ಕಳೆದಂತೆ. ಇಂಥ ತಂತ್ರಾಂಶದ ಹೊಟ್ಟೆಯೊಳಗೆ ಫೋಟೊ ಇರೋದಿಲ್ಲ. ರಾಗಿ ಇರೋದು ಹಗೇವಿನಲ್ಲಿ, ಯಾವ ಹಗೇವಿನಲ್ಲಿ ಎಷ್ಟಿದೆ ಅಂತ ಬರೆದಿರೋದು ಪುಸ್ತಕದಲ್ಲಿ. ಫೋಲ್ಡರ್ ಅಂದರೆ ಹಗೇವು. ತಂತ್ರಾಂಶ ಅಂದರೆ ಪುಸ್ತಕ. ಪುಸ್ತಕಕ್ಕೆ ಹೇಳದೆ ರಾಗಿಯನ್ನು ಬೇರೆ ಹಗೇವಿಗೆ ತುಂಬಿದರೆ ಪುಸ್ತಕ ಹಳೇ ಜಾಗವನ್ನೇ ತೋರಿಸುತ್ತದೆ. ಅಲ್ಲಿ ಅಗೆದರೆ ಖಾಲಿ. ರಾಗಿ ಮಾತ್ರ ಎಲ್ಲೂ ಹೋಗಿಲ್ಲ.

ನಾವು ನಾಲ್ಕು ಮನೆಯವರು ಸೇರಿ ಒಂದೇ ಲ್ಯಾಪ್‌ಟಾಪಿನಲ್ಲಿ ಫೋಟೊ ಇಡುತ್ತೇವೆ. ಡಿಜಿಕ್ಯಾಮಿಗೆ ಮೊದಲು ಬೇರೊಂದು ತಂತ್ರಾಂಶ ಇತ್ತು. ಒಂದು ದಿನ ಅದರಲ್ಲಿ ಆರು ವರ್ಷದ ರಾಗಿ ಫೋಟೊ ಒಟ್ಟಿಗೇ ಕಾಣದಾದವು. ಹಳೇ ರಾಗಿ ಬೀಜ ಉಳಿಸಿಕೊಟ್ಟ ಹಿರಿಯರೊಬ್ಬರು ತೆನೆ ಹಿಡಿದು ನಿಂತ ಪಟವೂ ಅದರಲ್ಲೇ ಇತ್ತು. ಅವರು ಈಗಿಲ್ಲ. ‘ಎಲ್ಲಾ ಅಳಿಸಿ ಮೊದಲಿಂದ ಹಾಕ್ರಿ’ ಅಂತ ನೋಡಿದವರೊಬ್ಬರು ಹೇಳಿದರು. ನಾವು ಒಪ್ಪಲಿಲ್ಲ. ಕೂತು ಹುಡುಕಿದಾಗ ತಿಳೀತು: ಹೊರಗಿನಿಂದ ಚುಚ್ಚುವ ಹಾರ್ಡ್ ಡಿಸ್ಕಿಗೆ ಕಂಪ್ಯೂಟರ್ ಮೊದಲು ‘ಇ’ ಅಂತ ಹೆಸರು ಕೊಟ್ಟಿತ್ತು, ಪೆನ್‌ಡ್ರೈವ್ ಜೊತೆಗಿದ್ದ ದಿನ ‘ಎಫ್’ ಅಂತ ಕೊಟ್ಟಿದೆ. ಪುಸ್ತಕ ಮಾತ್ರ ‘ಇ’ಯಲ್ಲೇ ಹುಡುಕುತ್ತಿತ್ತು. ಅಕ್ಷರ ಮತ್ತೆ ‘ಇ’ ಮಾಡಿದ ಮೇಲೆ ಎಲ್ಲವೂ ಬಂದವು.

ಜಾಗ ತಪ್ಪೋದಕ್ಕೆ ಕಾರಣಗಳು

1. ಎಲ್ಲಿಗೆ ಇಳಿಸಬೇಕು ಅಂತ ಹೇಳದೆ ಇಳಿಸೋದು. ನಾವು ಹೇಳದಿದ್ದರೆ ತಂತ್ರಾಂಶ ಸಾಮಾನ್ಯವಾಗಿ ‘ಪಿಕ್ಚರ್ಸ್’ ಫೋಲ್ಡರಿಗೋ ಹೋದ ಸಲದ ಜಾಗಕ್ಕೋ ಸುರಿಯುತ್ತದೆ.

2. ಪಿಕ್ಚರ್ಸ್ ಫೋಲ್ಡರೇ ಜಾಗ ಬದಲಿಸೋದು. ವಿಂಡೋಸಿನಲ್ಲಿ ಒನ್‌ಡ್ರೈವ್ ಬ್ಯಾಕಪ್ ಶುರು ಮಾಡಿದರೆ ಪಿಕ್ಚರ್ಸ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗುತ್ತದೆ. ಹೆಸರು ಅದೇ, ವಿಳಾಸ ಬೇರೆ.

3. ವಾಟ್ಸಾಪ್ ಫೋಟೊ. ಕ್ಯಾಮೆರಾದ ಫೋಟೊ ಇರೋದು ಮೊಬೈಲಿನ ‘ಡಿಸಿಐಎಂ’ ಫೋಲ್ಡರಿನಲ್ಲಿ. ವಾಟ್ಸಾಪಿನದು ಅಲ್ಲಿರೋದಿಲ್ಲ. ಹೊಸ ಮೊಬೈಲುಗಳಲ್ಲಿ ಅದು ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಅಂತ ಒಳಗೊಳಗೆ ಕೂತಿರುತ್ತದೆ. ಅಲ್ಲದೆ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಲ್ಲಿ ತೆಗೆದ ದಿನ, ಸ್ಥಳದ ವಿವರ ಉಳಿಯೋದಿಲ್ಲ. ಹಾಗಾಗಿ ತಾರೀಖಿನ ಪ್ರಕಾರ ಜೋಡಿಸುವಾಗ ಅದು ಬಂದ ದಿನದ ಫೋಲ್ಡರಿಗೆ ಬೀಳುತ್ತದೆ. ಬೆಳೆ ನಷ್ಟದ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿರಿ, ವಿವರ ಉಳಿಯುತ್ತದೆ.

4. ಕ್ಯಾಮೆರಾದ ಗಡಿಯಾರ ತಪ್ಪಿರೋದು. ಹಳೇ ಕ್ಯಾಮೆರಾದ ಬ್ಯಾಟರಿ ಪೂರಾ ಇಳಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಈ ವರ್ಷದ ರಾಗಿ ಆ ಹಳೇ ವರ್ಷದ ಫೋಲ್ಡರಿನಲ್ಲಿ ಕೂರುತ್ತದೆ. ಡಿಜಿಕ್ಯಾಮಿನಲ್ಲಿ ತಾರೀಖು ತಿದ್ದುವ ಸೌಲಭ್ಯ ಇದೆ.

ಕಾಣದಾದಾಗ ಏನು ಮಾಡಬೇಕು?

ಮೊದಲು ಯಾವುದನ್ನೂ ಅಳಿಸಬೇಡಿ. ಖಾಲಿ ಚೌಕ ಕಂಡರೆ ಫೋಟೊ ಹೋಯ್ತು ಅಂತ ತಿಳಿಯಬೇಡಿ. ತಂತ್ರಾಂಶ ಮುಚ್ಚಿ, ಕಂಪ್ಯೂಟರಿನ ಫೈಲ್ ಹುಡುಕುವ ಜಾಗದಲ್ಲಿ ಒಂದು ಫೋಟೊದ ಹೆಸರು ಹಾಕಿ ಹುಡುಕಿ. ಸಿಕ್ಕ ಮೇಲೆ ಅದರ ಪೂರ್ತಿ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ದಾರಿ ಎರಡೇ. ಫೋಲ್ಡರನ್ನು ಹಳೇ ಜಾಗಕ್ಕೇ ವಾಪಸು ಇಡಿ, ಇಲ್ಲವೇ ತಂತ್ರಾಂಶಕ್ಕೆ ಹೊಸ ವಿಳಾಸ ಹೇಳಿ. ಡಿಜಿಕ್ಯಾಮಿನಲ್ಲಿ ‘ಸೆಟ್ಟಿಂಗ್ಸ್’ ಒಳಗೆ ‘ಕಲೆಕ್ಷನ್ಸ್’ ಅಂತಿದೆ, ವಿಳಾಸದ ಕೆಲಸ ಅಲ್ಲಿ. ಹೊರಗಿನ ಹಾರ್ಡ್ ಡಿಸ್ಕ್ ಆದರೆ ಅಲ್ಲೇ ‘ರಿಮೂವಬಲ್ ಮೀಡಿಯಾ’ ಅನ್ನುವ ಕಡೆ ಸೇರಿಸಬೇಕು.

ಅಳಿಸಿ ಮತ್ತೆ ಹಾಕಿದರೆ ಫೋಟೊ ಬರಬಹುದು. ಆದರೆ ನೀವು ಬರೆದಿಟ್ಟ ತಳಿ ಹೆಸರು, ಬಿತ್ತಿದ ಮಳೆ, ಟಿಪ್ಪಣಿ ಹೋಗಿಬಿಡಬಹುದು. ಅದು ಸಾಮಾನ್ಯವಾಗಿ ಪುಸ್ತಕದಲ್ಲಿ ಮಾತ್ರ ಇರುತ್ತದೆ. ‘ಮೆಟಾಡೇಟಾ’ ಸೆಟ್ಟಿಂಗಿನಲ್ಲಿ ಟಿಪ್ಪಣಿಯನ್ನು ಫೋಟೊದೊಳಗೇ ಬರೆಯುವಂತೆ ಹೇಳಬಹುದು. ಆಗ ಫೋಟೊ ಎಲ್ಲಿಗೆ ಹೋದರೂ ಟಿಪ್ಪಣಿ ಜೊತೆಗಿರುತ್ತದೆ.

ಮೊದಲೇ ಮಾಡಿಕೊಳ್ಳುವ ಕ್ರಮ

‘ಹೊಲ’ ಅಂತ ಒಂದೇ ದೊಡ್ಡ ಫೋಲ್ಡರ್ ಮಾಡಿ. ಒಳಗೆ ವರ್ಷ, ಅದರೊಳಗೆ ತಾರೀಖು ಮತ್ತು ಬೆಳೆ. ತಾರೀಖನ್ನು 2025-08-14 ರಾಗಿ ಅಂತ ವರ್ಷ ಮುಂದಿಟ್ಟು ಬರೆದರೆ ಸಾಲಾಗಿ ಕೂರುತ್ತವೆ. ದಿನ ಮುಂದಿಟ್ಟರೆ ತಿಂಗಳು ಕಲಸಿಹೋಗುತ್ತವೆ. ಕನ್ನಡ ಹೆಸರನ್ನು ಯೂನಿಕೋಡಿನಲ್ಲೇ ಬರೆಯಿರಿ. ಹಳೇ ನುಡಿ ಅಕ್ಷರದಲ್ಲಿ ಬರೆದ ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದ ಗೋಜಲಾಗಿ ಕಾಣುತ್ತದೆ.

ಮೊಬೈಲನ್ನು ವೈರಿನಲ್ಲಿ ಜೋಡಿಸಿದ ಮೇಲೆ ಮೊಬೈಲಿನ ಪರದೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಒತ್ತಬೇಕು, ಇಲ್ಲದಿದ್ದರೆ ಬರೀ ಚಾರ್ಜ್ ಆಗುತ್ತೆ. ಡಿಜಿಕ್ಯಾಮ್ ಇಳಿಸುವ ಮುಂಚೆ ಯಾವ ಆಲ್ಬಮ್ ಅಂತ ಕೇಳುತ್ತದೆ. ಅದರಲ್ಲಿ ಆಲ್ಬಮ್ ಅಂದರೆ ಡಿಸ್ಕಿನ ಮೇಲಿನ ನಿಜವಾದ ಫೋಲ್ಡರೇ. ಅವಸರ ಮಾಡದೆ ಓದಿ ಒತ್ತಿ. ಇಳಿಸಿದ ಕೂಡಲೇ ಅಳಿಸುವ ಆಯ್ಕೆಯೂ ಇದೆ, ಅದನ್ನು ಒತ್ತಬೇಡಿ. ಮೊಬೈಲಿನಲ್ಲಿ ಎಷ್ಟಿತ್ತು, ಕಂಪ್ಯೂಟರಿಗೆ ಎಷ್ಟು ಬಂತು ಅಂತ ಎಣಿಸಿ, ನಾಲ್ಕು ಫೋಟೊ ತೆರೆದು ನೋಡಿ, ಆಮೇಲೆ ಅಳಿಸಿ.

ಒಮ್ಮೆ ಇಳಿಸಿದ ಮೇಲೆ ಫೋಲ್ಡರಿನ ಹೆಸರು ಬದಲಿಸೋದಿದ್ದರೂ, ಬೇರೆ ಕಡೆ ಸರಿಸೋದಿದ್ದರೂ ತಂತ್ರಾಂಶದ ಒಳಗಿನಿಂದಲೇ ಮಾಡಿ. ಮನೆಯ ಮಕ್ಕಳಿಗೂ ಇದನ್ನು ಹೇಳಿಡಿ.

ಬೀಜದ ರಾಗಿಯನ್ನು ಯಾರೂ ಒಂದೇ ಕಡೆ ಇಡೋದಿಲ್ಲ. ಫೋಟೊಗಳಿಗೂ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಬೇಕು. ಒಕ್ಕಣೆ ಮುಗಿದ ಮೇಲೆ ವರ್ಷಕ್ಕೊಂದು ಸಂಜೆ ಈ ಕೆಲಸಕ್ಕೆ ಕೂತರೆ ಸಾಕು. ಆ ಡಿಸ್ಕನ್ನು ಬೇರೆ ಮನೆಯಲ್ಲಿ ಇಟ್ಟರೆ ಇನ್ನೂ ಒಳ್ಳೇದು.