ಗಾಯದ ಸುತ್ತ ಕೆಂಪಾಗುವುದೇಕೆ?

ಪ್ರಶ್ನೆ: ಈಳಿಗೆಮಣೆ ತಾಗಿ ಬೆರಳು ಕೊಯ್ದುಕೊಂಡರೆ ಮರುದಿನ ಸುತ್ತಲೂ ಕೆಂಪಾಗಿ ಊದುತ್ತದೆ. ಅದು ನಂಜೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ಅದು ದುರಸ್ತಿ ಶುರುವಾದ ಗುರುತು. ಚರ್ಮ ಸೀಳಿದೊಡನೆ ಅಲ್ಲೇ ಇರುವ ಕಾವಲು ಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕ ಬಿಡುತ್ತವೆ. ರಕ್ತನಾಳ ಹಿಗ್ಗಿ ದ್ರವ ಒಸರುತ್ತದೆ. ಕೆಂಪು, ಬಿಸಿ, ಊತ ಎಲ್ಲ ಅದರದೇ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿ ಬಂದು ಬ್ಯಾಕ್ಟೀರಿಯಾಗಳನ್ನು ನುಂಗಿ ತಾವೂ ಸಾಯುತ್ತವೆ. ಕೀವು ಎಂದು ನಾವು ಮುಖ ಸಿಂಡರಿಸುವುದು ಬಹುಪಾಲು ಇವುಗಳ ಹೆಣಗಳನ್ನು ಕಂಡೇ!

ಎರಡು ಮೂರು ದಿನಕ್ಕೆ ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಗಳ ಸರದಿ. ನನ್ನ ಮಟ್ಟಿಗೆ ನಿಜವಾದ ಮೇಸ್ತ್ರಿಗಳು ಇವರೇ. ಮೊದಲು ಕಸ ಗುಡಿಸುತ್ತಾರೆ. ಆಮೇಲೆ ಗುಣವನ್ನೇ ಬದಲಿಸಿಕೊಂಡು, ಕೊಲಾಜನ್ ನೇಯುವ ಕೋಶಗಳನ್ನೂ ಹೊಸ ರಕ್ತನಾಳಗಳನ್ನೂ ಕರೆಸುತ್ತಾರೆ. ಇಂಥ ನುಂಗುವ ಕೋಶಗಳ ಕೆಲಸವನ್ನು ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಕಂಡರು. ನಕ್ಷತ್ರ ಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ನಿದ್ದೆಯಿಲ್ಲದೆ ಕಾದರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಮುತ್ತಿಗೆ! 1908ರಲ್ಲಿ ನೊಬೆಲ್ ಬಂತು.

ಸಕ್ಕರೆ ಕಾಯಿಲೆಯವರಲ್ಲಿ ಮ್ಯಾಕ್ರೋಫೇಜ್‌ಗಳು ಹಲವು ಸಲ ಗುಣ ಬದಲಿಸಿಕೊಳ್ಳಲಾಗದೆ ಮೊದಲಿನ ಜಗಳದ ಹಂತದಲ್ಲೇ ಸಿಕ್ಕಿಬೀಳುತ್ತವೆ. ಕಾಲಿನ ಹುಣ್ಣು ಬೇಗ ಮಾಯದಿರಲು ಇದೂ ಒಂದು ಕಾರಣ.

ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ನೋವು ಹೆಚ್ಚಿದರೆ, ಜ್ವರ ಬಂದರೆ ಮಾತ್ರ ಅರಿಶಿನ ಮೆತ್ತಿಕೊಂಡು ಕೂರಬೇಡಿ, ವೈದ್ಯರಿಗೆ ತೋರಿಸಿ.