ಹುಳುಕು ಹಲ್ಲಿಗೆ ಏನನ್ನು ತುಂಬಬೇಕು?

ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಗಾಯವಾದ ಚರ್ಮ ಮಾಯುತ್ತದೆ. ಹಲ್ಲಿನ ಹೊರಕವಚವಾದ ಎನಾಮೆಲ್ ಮಾತ್ರ ಒಮ್ಮೆ ಕುಳಿಬಿದ್ದರೆ ತಾನಾಗಿ ತುಂಬಿಕೊಳ್ಳದು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ ಆಗಿರುವ ಈ ಪದರದಲ್ಲಿ ಜೀವಕೋಶಗಳಿಲ್ಲ. ಅದನ್ನು ಕೊರೆಯುವ ಹುಳುವೂ ಇಲ್ಲ. ಬಾಯಲ್ಲಿ ಉಳಿದ ಸಕ್ಕರೆಯಿಂದ ಬ್ಯಾಕ್ಟೀರಿಯಗಳು ತಯಾರಿಸುವ ಆಮ್ಲವೇ ಖನಿಜವನ್ನು ಕರಗಿಸುತ್ತದೆ. ಎನಾಮೆಲಿನಲ್ಲಿ ನರಗಳೂ ಇಲ್ಲವಾದ್ದರಿಂದ ಮೊದಲ ಕುಳಿ ನೋಯುವುದಿಲ್ಲ. ನೋವು ಬಂದ ಮೇಲೆಯೇ ವೈದ್ಯರಲ್ಲಿಗೆ ಹೋಗುವವರು ಹಲವೊಮ್ಮೆ ಹಲ್ಲನ್ನೇ ಕಳೆದುಕೊಂಡು ಬರುವುದು ಇದರಿಂದಲೇ.

ಕುಳಿಗೆ ತುಂಬುವ ವಸ್ತು ಗಟ್ಟಿಯಾಗಿದ್ದರೆ ಸಾಕೆಂದು ತೋರಬಹುದು. ಸಾಲದು. ಬಿಸಿ ಕಾಫಿಯ ಬೆನ್ನಿಗೇ ತಣ್ಣೀರು ಕುಡಿಯುವವನ ಬಾಯನ್ನು ಊಹಿಸೋಣ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹಲ್ಲು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. ಪಾದರಸದ ಮಿಶ್ರಲೋಹವಾದ ಅಮಾಲ್ಗಂ ಸುಮಾರು 25 ಪಾಲು. ತಣಿದಾಗಲೂ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಹೀಗೆ ದಿನಕ್ಕೆ ಹಲವು ಬಾರಿ ನಡೆದರೆ ಎರಡರ ನಡುವೆ ಸೂಕ್ಷ್ಮವಾದ ಸಂದು ಬಿಡುವ ಸಂಭವವುಂಟು. ಅಲ್ಲಿ ಬ್ಯಾಕ್ಟೀರಿಯಗಳು ನುಸುಳುತ್ತವೆ. ರೈಲುಹಳಿ ಹಾಸುವ ಇಂಜಿನಿಯರು ಬೇಕೆಂದೇ ಸಂದು ಬಿಡಬಲ್ಲ. ದಂತವೈದ್ಯನಿಗೆ ಆ ಸೌಕರ್ಯವಿಲ್ಲ.

ತೂಕದಲ್ಲಿ ಅರ್ಧದಷ್ಟು ಪಾದರಸವಿರುವ ಅಮಾಲ್ಗಂ ಅಗಿತದ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಆದರೆ ಹಲ್ಲಿಗೆ ಅಂಟದು; ಅದು ನಿಲ್ಲಲೆಂದು ಒಳ್ಳೆಯ ಭಾಗವನ್ನೂ ಕೊರೆಯಬೇಕು. ಯುರೋಪ್ ಒಕ್ಕೂಟ 2025ರ ಜನವರಿಯಿಂದ ಅದರ ಬಳಕೆಯನ್ನು, ಕೆಲವು ವಿನಾಯಿತಿಗಳನ್ನುಳಿದು, ನಿಲ್ಲಿಸಿದೆ.

1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಎನಾಮೆಲಿಗೆ ಫಾಸ್ಫಾರಿಕ್ ಆಮ್ಲ ಸವರಿ, ಮೇಲ್ಮೈ ಒರಟಾದೊಡನೆ ರಾಳ ಅಲ್ಲಿ ಭದ್ರವಾಗಿ ಹಿಡಿಯುವುದನ್ನು ತೋರಿಸಿದ. ಇಂದು ನುಣ್ಣನೆಯ ಗಾಜಿನ ಕಣಗಳನ್ನು ಬೆರೆಸಿದ, ಹಲ್ಲಿನದೇ ಬಣ್ಣದ ರಾಳವನ್ನು ತುಂಬಿ, ಸುಮಾರು 470 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿನಿಂದ ಗಟ್ಟಿಮಾಡುತ್ತಾರೆ. ಕೆಂಪು ಬೆಳಕಿಗೆ ಅದು ಜಗ್ಗದು. ಭೌತಶಾಸ್ತ್ರ ಪಾಠ ಹೇಳುವ ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ! ಗಟ್ಟಿಯಾಗುವಾಗ ಅದರ ಗಾತ್ರ ನೂರಕ್ಕೆ ಎರಡು ಮೂರು ಪಾಲು ಕುಗ್ಗುವುದರಿಂದ ತೆಳುವಾದ ಪದರಗಳಾಗಿ ತುಂಬುವುದು ವಾಡಿಕೆ. ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟು ಹಿಗ್ಗುವುದರಲ್ಲಿ ಹಲ್ಲಿಗೆ ತೀರ ಸಮೀಪ. ಆದರೆ ದವಡೆಹಲ್ಲಿನ ಅಗಿತಕ್ಕೆ ಬೇಗ ಸವೆಯುತ್ತದೆ.

ಹುಳುಕು ತಿರುಳನ್ನು ಮುಟ್ಟಿದರೆ ಬೇರಿನ ನಾಳಗಳನ್ನು ಶುಚಿಮಾಡಿ ಮುಚ್ಚಿ, ಮೇಲೆ ಕ್ಯಾಪ್ ತೊಡಿಸಬಹುದು. ಹಲ್ಲೇ ಹೋದರೆ ಮೂಳೆಯೊಂದಿಗೆ ಬೆಸೆದುಕೊಳ್ಳುವ ಟೈಟಾನಿಯಂ ಮೊಳೆಯುಂಟು. ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಅದನ್ನು ರೋಗಿಯೊಬ್ಬನಿಗೆ ಮೊದಲು ಅಳವಡಿಸಿದ. ಭದ್ರವಾದದ್ದೇನೋ ನಿಜ. ಆದರೆ ನಮ್ಮ ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿರದೆ ಸೂಕ್ಷ್ಮ ನಾರುಗಳಲ್ಲಿ ತೂಗಿಕೊಂಡಿರುತ್ತದೆ. ಅನ್ನದಲ್ಲಿ ಸಿಕ್ಕ ಸಣ್ಣ ಕಲ್ಲನ್ನು ಥಟ್ಟನೆ ತಿಳಿಸುವುದು ಆ ನಾರುಗಳ ನಡುವಿನ ನರಗಳು. ಟೈಟಾನಿಯಂ ಮೊಳೆಯ ಸುತ್ತ ಆ ನಾರುಗಳಿಲ್ಲ.