ಸೊನ್ನೆಯ ಕೆಳಗೆ ಎಷ್ಟು?

"ನಮ್ಮ ಊರಿಂದ ಯಾರೂ ಹೋಗಿಲ್ರೀ ಸರ್, ನನಗೆಲ್ಲಿ ಸಿಗ್ತದ?" ಹತ್ತನೆಯವರೆಗೆ ಅಕ್ಕಲಕೋಟದ ಕನ್ನಡ ಶಾಲೆ, ಆಮೇಲೆ ಸೊಲ್ಲಾಪುರದಲ್ಲಿ ಬಿಎಸ್ಸಿ, ಈಗ ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂಎಸ್ಸಿಗೋ ಪಿಎಚ್‌ಡಿಗೋ ಅರ್ಜಿ ಹಾಕುವ ಆಸೆ. ಅಂಥವರ ಬಾಯಲ್ಲಿ ಈ ಮಾತು ಬರುವುದು ಸಹಜ. ಆದರೆ ಸಂಖ್ಯಾಶಾಸ್ತ್ರ ಓದಿದವರು ಇದನ್ನು ನಿಟ್ಟುಸಿರು ಎಂದು ಬಿಡದೆ ಒಂದು ಭಿನ್ನರಾಶಿ ಎಂದು ಓದಬೇಕು. ಅಂಶದಲ್ಲಿ ಸೊನ್ನೆ ಇದೆ, ಸರಿ. ಛೇದದಲ್ಲಿ ಎಷ್ಟಿದೆ?

ಇದುವರೆಗೆ ಆ ಊರಿನಿಂದ ಐದು ಜನ ಮಾತ್ರ ಅರ್ಜಿ ಹಾಕಿದ್ದರು, ಐವರಿಗೂ ಸಿಗಲಿಲ್ಲ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಸೀಟು ಸಿಗುವ ಸಂಭವ ಶೇ. 20 ಇದ್ದಿದ್ದರೂ ಐವರೂ ಬರಿಗೈಲಿ ಮರಳುವ ಸಂಭವ ಶೇ. 33ರಷ್ಟು. ಶೇ. 45 ಇದ್ದಿದ್ದರೂ ಹಾಗಾಗುವ ಸಂಭವ ಶೇ. 5. ಅಂದರೆ ಐದರಲ್ಲಿ ಸೊನ್ನೆ ಎಂಬ ದಾಖಲೆ ಹೆಚ್ಚೇನನ್ನೂ ತಳ್ಳಿಹಾಕುವುದಿಲ್ಲ. ವೈದ್ಯಕೀಯ ಸಂಶೋಧಕರಿಗೆ ಇದಕ್ಕೊಂದು ಸುಲಭ ಸೂತ್ರ ಇದೆ, ಮೂರರ ನಿಯಮ ಎನ್ನುತ್ತಾರೆ. ಒಂದು ಔಷಧ ತೆಗೆದುಕೊಂಡ 30 ಜನರಲ್ಲಿ ಒಬ್ಬರಿಗೂ ಅಡ್ಡಪರಿಣಾಮ ಆಗಲಿಲ್ಲ ಎಂದರೆ ಅಪಾಯ ಸೊನ್ನೆ ಎಂದಲ್ಲ. 3ನ್ನು 30ರಿಂದ ಭಾಗಿಸಿ: ಅಪಾಯ ಶೇ. 10ರವರೆಗೂ ಇರಬಹುದು, ಶೇ. 95 ಭರವಸೆಯಿಂದ ಹೇಳಬಹುದಾದದ್ದು ಅಷ್ಟೇ. ಜೇಮ್ಸ್ ಹ್ಯಾನ್ಲಿ ಮತ್ತು ಅಬಿ ಲಿಪ್‌ಮನ್-ಹ್ಯಾಂಡ್ 1983ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಇದು ವೈದ್ಯರಿಗೆ ಪರಿಚಿತವಾಯಿತು. (ಛೇದ ತೀರ ಚಿಕ್ಕದಿದ್ದಾಗ ಈ ನಿಯಮ ಒರಟು, ಮೇಲಿನ ಶೇ. 45 ನೇರ ಲೆಕ್ಕದ್ದು.) ಯಾರೂ ಅರ್ಜಿಯನ್ನೇ ಹಾಕಿರದಿದ್ದರೆ ಭಿನ್ನರಾಶಿ ಸೊನ್ನೆ ಬಟಾ ಸೊನ್ನೆ. ಅದರಿಂದ ಏನನ್ನೂ ತಿಳಿಯಲಾಗದು.

ಬಯೋಸ್ಟ್ಯಾಟಿಸ್ಟಿಕ್ಸ್ ಎಂಬ ವಿದ್ಯೆಯ ಬಹುಪಾಲು ಕೆಲಸವೇ ಛೇದ ಹುಡುಕುವುದು. ಸೊಲ್ಲಾಪುರದ ಚಾದರ, ಟವೆಲ್ ನೇಯುವ ವಿದ್ಯುತ್ ಮಗ್ಗಗಳಲ್ಲಿ ದುಡಿಯುವವರಿಗೆ ಹತ್ತಿಯ ಧೂಳಿನಿಂದ ಶ್ವಾಸಕೋಶ ಎಷ್ಟು ಕೆಡುತ್ತದೆ ಎಂದು ತಿಳಿಯಬೇಕೆನ್ನಿ. ಆಸ್ಪತ್ರೆಯ ಒಪಿಡಿಯಲ್ಲಿ ಕೂತವರಿಗೆ ಕಾಣುವುದು ಕೆಮ್ಮುತ್ತ ಬಂದವರು ಮಾತ್ರ, ಬರಿಯ ಅಂಶ. ಕಾರ್ಖಾನೆಗೇ ಹೋಗಿ ಎಣಿಸಿದರೆ ಇನ್ನೊಂದು ಪೇಚು: ಉಸಿರು ಕಟ್ಟಿದವರು ಆಗಲೇ ಕೆಲಸ ಬಿಟ್ಟಿರುತ್ತಾರೆ, ಮಗ್ಗದ ಮುಂದೆ ಉಳಿದವರು ಗಟ್ಟಿಮುಟ್ಟಾದವರೇ. ಸೀಟು ಸಿಕ್ಕವರ ಕಥೆಗಳನ್ನಷ್ಟೇ ಕೇಳುವವರು ಬಿದ್ದಿರುವುದೂ ಇದೇ ಪೇಚಿನಲ್ಲಿ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದಾಗ ಅವರ ಕೈಲಿದ್ದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಮನುಷ್ಯರ ಮೂಳೆಗಳ ಅಳತೆ. ಸಿಕ್ಕ ಮೂಳೆಗಳಿಂದ, ಸಿಗದೆ ಹೋದ ಜನಸಮುದಾಯದ ಬಗ್ಗೆ ಏನು ಹೇಳಬಹುದು ಎಂಬುದೂ ಇದೇ ಜಾತಿಯ ಪ್ರಶ್ನೆ.

ಎಲ್ಲರೂ ಎಡವುವ ಜಾಗ ಮುಂದಿದೆ. ಅಮೆರಿಕದಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಪಿಎಚ್‌ಡಿಗೆ ಹೋಗಬೇಕಾದರೆ ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಭವನೀಯತೆ ಇರಲೇಬೇಕು. ರಿಯಲ್ ಅನಾಲಿಸಿಸ್ ಓದಿದ್ದರೆ ಮೇಲು. ಒಂದು ಕಲ್ಪಿತ ವಿಭಾಗಕ್ಕೆ 100 ಅರ್ಜಿ ಬಂದು 15 ಜನರಿಗೆ ಪ್ರವೇಶ ಸಿಕ್ಕಿತೆನ್ನೋಣ. ಆ 15ರಲ್ಲಿ 12 ಜನ ರಿಯಲ್ ಅನಾಲಿಸಿಸ್ ಓದಿದವರು. "ಸಿಕ್ಕವರಲ್ಲಿ ಶೇ. 80 ಜನ ಅದನ್ನು ಓದಿದ್ದಾರೆ, ನಾನೂ ಓದಿದ್ದೇನೆ, ಹಾಗಾದರೆ ನನಗೆ ಶೇ. 80" ಎನ್ನುವುದು ತಲೆಕೆಳಗಾದ ಲೆಕ್ಕ. ಸಿಗದ 85 ಜನರಲ್ಲಿ ಎಷ್ಟು ಮಂದಿ ಅದನ್ನೇ ಓದಿದ್ದರು? 17 ಎಂದಿಟ್ಟುಕೊಳ್ಳಿ. ಆಗ ಓದಿದವರು ಒಟ್ಟು 29, ಅವರಲ್ಲಿ ಸಿಕ್ಕಿದ್ದು 12 ಜನರಿಗೆ, ಅಂದರೆ ಶೇ. 41. ಓದದ 71 ಜನರಲ್ಲಿ ಸಿಕ್ಕಿದ್ದು ಮೂವರಿಗೆ, ಶೇ. 4. ಆ ಒಂದು ವಿಷಯದ ಬೆಲೆ ದೊಡ್ಡದೇ, ಆದರೆ ಶೇ. 80 ಅಲ್ಲ. ರಕ್ತಪರೀಕ್ಷೆಯ ವರದಿ ಪಾಸಿಟಿವ್ ಬಂದಾಗ ಕಾಯಿಲೆ ನಿಜವಾಗಿ ಇರುವ ಸಂಭವ ಎಷ್ಟು ಎಂದು ಹೇಳಲು ನಡೆಸುವ ಲೆಕ್ಕವೂ ಅಕ್ಷರಶಃ ಇದೇ. ವೈದ್ಯರೂ ಇದರಲ್ಲಿ ಎಡವುತ್ತಾರೆ, ಆದ್ದರಿಂದ ವಿದ್ಯಾರ್ಥಿಗಳು ನಾಚಿಕೊಳ್ಳಬೇಕಿಲ್ಲ.

ಇನ್ನೊಂದು ಗೋಜಲಿಗೆ ಪ್ರವೇಶದ ಕಡತಗಳೇ ಪ್ರಸಿದ್ಧ ಉದಾಹರಣೆ ಒದಗಿಸಿವೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ 8442 ಗಂಡಸರು, 4321 ಹೆಂಗಸರು ಅರ್ಜಿ ಹಾಕಿದರು. ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಮಂದಿಗೆ ಸಿಕ್ಕಿತು. ಮೇಲುನೋಟಕ್ಕೆ ಅನ್ಯಾಯ. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರ ಕಾಣೆಯಾಯಿತು. ಒಂದು ದೊಡ್ಡ ವಿಭಾಗದಲ್ಲಂತೂ ಹೆಂಗಸರಿಗೆ ಶೇ. 82, ಗಂಡಸರಿಗೆ ಶೇ. 62. ಎಲ್ಲರಿಗೂ ಕಷ್ಟವಾದ ವಿಭಾಗಗಳಿಗೇ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಪೀಟರ್ ಬಿಕಲ್ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪ್ರಕಟಿಸಿದರು. ಹಾಗಾಗಿ "ಆ ವಿಶ್ವವಿದ್ಯಾಲಯದಲ್ಲಿ ಇಷ್ಟು ಪರ್ಸೆಂಟ್ ಜನಕ್ಕೆ ಸಿಗುತ್ತದೆ" ಎಂಬ ಒಟ್ಟು ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ. ದುಡ್ಡು ಕಟ್ಟಿ ಓದುವ ಮಾಸ್ಟರ್ಸ್ ಒಂದು ಸಾಲು, ವಿಭಾಗವೇ ಸ್ಟೈಪೆಂಡ್ ಕೊಡುವ ಪಿಎಚ್‌ಡಿ ಬೇರೆಯೇ ಸಾಲು. ಎರಡನ್ನೂ ಕೂಡಿಸಿದ ಸರಾಸರಿಯಲ್ಲಿ ಯಾರೂ ವಾಸಿಸುವುದಿಲ್ಲ.

"ಎಂಟು ಕಡೆ ಹಾಕಿದರೆ ಒಂದಾದರೂ ಸಿಗುತ್ತದೆ" ಎಂಬ ಧೈರ್ಯದ ಮಾತನ್ನೂ ತೂಗಿ ನೋಡಬೇಕು. ಪ್ರತಿ ಕಡೆ ಶೇ. 20 ಇದ್ದು, ಒಂದರ ಫಲಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದರೆ, ಒಂದಾದರೂ ಸಿಗುವ ಸಂಭವ ಶೇ. 83. ಕೇಳಲು ಚೆನ್ನಾಗಿದೆ. ಆದರೆ ಎಂಟೂ ಕಡೆ ಹೋಗುವುದು ಅದೇ ಅಂಕಪಟ್ಟಿ, ಅದೇ ಮೂರು ಶಿಫಾರಸು ಪತ್ರ. ಮೇಷ್ಟರು ಎರಡು ಸಾಲಿನ ಸಪ್ಪೆ ಪತ್ರ ಬರೆದಿದ್ದರೆ ಅದು ಎಂಟೂ ಕಡೆ ಸಪ್ಪೆಯೇ. ಕಡತ ಸಮಿತಿಗಳಿಗೆ ಹಿಡಿಸುವಂಥದ್ದಾದರೆ ಪ್ರತಿ ಕಡೆ ಶೇ. 38, ಹಿಡಿಸದಂಥದ್ದಾದರೆ ಶೇ. 2, ಯಾವುದೆಂಬುದು ಸಮ ಸಮ ಎಂದಿಟ್ಟರೆ ಸರಾಸರಿ ಅದೇ ಶೇ. 20. ಈಗ ಒಂದಾದರೂ ಸಿಗುವ ಸಂಭವ ಶೇ. 56ಕ್ಕೆ ಇಳಿಯುತ್ತದೆ. ಒಂಬತ್ತನೆಯ ಅರ್ಜಿಯ ಶುಲ್ಕಕ್ಕಿಂತ, ನಿಮ್ಮ ಕೆಲಸ ಬಲ್ಲ ಅಧ್ಯಾಪಕರ ಹತ್ತಿರ ಕೂತು ಪತ್ರದಲ್ಲಿ ಏನು ಬರಬೇಕೆಂದು ಮಾತಾಡುವುದು ಲಾಭ.

ಸಮಿತಿಗಳೇನೂ ತಪ್ಪದ ತಕ್ಕಡಿಗಳಲ್ಲ. ಮನೋವಿಜ್ಞಾನಿ ರಾಬಿನ್ ಡಾಸ್ ಒರೆಗಾನ್ ವಿಶ್ವವಿದ್ಯಾಲಯದ ತಮ್ಮ ವಿಭಾಗದಲ್ಲೇ ಪರೀಕ್ಷಿಸಿ 1971ರಲ್ಲಿ ಬರೆದರು. ವಿದ್ಯಾರ್ಥಿಗಳು ಮುಂದೆ ಹೇಗೆ ಓದಿದರೆಂಬುದಕ್ಕೂ ಸಮಿತಿ ಕೊಟ್ಟಿದ್ದ ಅಂಕಕ್ಕೂ ಇದ್ದ ಸಹಸಂಬಂಧ ಬರೀ 0.19. ಪರೀಕ್ಷೆಯ ಅಂಕ, ಪದವಿಯ ಅಂಕ, ಪದವಿ ಕಾಲೇಜಿನ ಮಟ್ಟ, ಈ ಮೂರನ್ನು ಸಮತೂಕದಲ್ಲಿ ಕೂಡಿಸಿದ್ದರೆ 0.48 ಸಿಗುತ್ತಿತ್ತು. ಆ ಮೂರನೆಯದು ಚಿಕ್ಕ ಊರಿನವರಿಗೆ ಮುಳ್ಳು, ನಿಜ.

ಇಲ್ಲಿಯ ದಾರಿಗಳು ಅಮೆರಿಕದಷ್ಟು ಮಸುಕಲ್ಲ. ಮುಂಬಯಿ ದೇವನಾರದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಮತ್ತು ಡೆಮಾಗ್ರಫಿಯ ಎಂಎಸ್ಸಿ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಮಣಿಪಾಲದಲ್ಲಿ ಕೋರ್ಸುಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ. ಸೊಲ್ಲಾಪುರದ್ದೇ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ ಮಾಡಿ ಆಮೇಲೆ ಆರೋಗ್ಯ ಸಂಶೋಧನೆಗೆ ಹೊರಳಬಹುದು. ಸರ್ಕಾರಿ ಸಂಸ್ಥೆಗಳಲ್ಲಿ ಮೀಸಲಾತಿಯ ಪ್ರತಿ ವರ್ಗಕ್ಕೂ ಪ್ರತ್ಯೇಕ ಪಟ್ಟಿ, ಅಂದರೆ ಪ್ರತ್ಯೇಕ ಛೇದ. ಗಡಿನಾಡಿನವರಿಗೆ ಇನ್ನೊಂದು ಗಮನಿಸಬೇಕಾದ ಸಂಗತಿ: ಕರ್ನಾಟಕದ ಸಿಇಟಿಯಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಾತೃಭಾಷೆಯವರಿಗೆ ಅರ್ಹತೆಯ ಪ್ರತ್ಯೇಕ ಕಲಮು ಇದೆ. ಅದು ವೃತ್ತಿಪರ ಪದವಿಗಳಿಗೆ. ಎಂಎಸ್ಸಿಗೂ ಅನ್ವಯಿಸುತ್ತದೆಂದು ಊಹಿಸದೆ ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯನ್ನೇ ಓದಬೇಕು.

ಛೇದ ಗೊತ್ತಿಲ್ಲದಿದ್ದರೆ ಕೇಳಬಹುದು. ಕೇಂದ್ರ ಸರ್ಕಾರದ ಸಂಸ್ಥೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಳೆದ ಐದು ವರ್ಷಗಳಲ್ಲಿ ಈ ಕೋರ್ಸಿಗೆ ವರ್ಗವಾರು ಎಷ್ಟು ಅರ್ಜಿ ಬಂದವು, ಎಷ್ಟು ಜನರನ್ನು ಕರೆದಿರಿ, ಎಷ್ಟು ಜನ ಸೇರಿದರು, ಕೊನೆಯ ಸೀಟು ಎಷ್ಟು ಅಂಕಕ್ಕೆ ನಿಂತಿತು ಎಂದು ನಾಲ್ಕು ಪ್ರಶ್ನೆ ಬರೆದರೆ ಸಾಕು. ಎಷ್ಟು ಜನರನ್ನು ಕರೆದರು ಎಂಬುದನ್ನು ಮಾತ್ರ ಬಿಡಬೇಡಿ. ಕರೆದವರಲ್ಲಿ ಹಲವರು ಬೇರೆಡೆ ಹೋಗುತ್ತಾರೆ, ಪಟ್ಟಿ ಕೆಳಗಿಳಿಯುತ್ತದೆ. 20 ಸೀಟಿಗೆ 35 ಜನರನ್ನು ಕರೆಯುವ ಕಡೆ ನಿಮ್ಮ ಲೆಕ್ಕದ ಅಂಶ 20 ಅಲ್ಲ, 35.